ವಾಲ್ವ್ ಆಂಪ್‌ಗೆ ಒಗ್ಗಿದ ಕಿವಿಗೆ ಡಿಜಿಟಲ್ ಆಂಪ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ವರ್ಷಗಳಿಂದ ವಾಲ್ವ್ ಆಂಪ್ಲಿಫೈಯರ್ ಹಾಡುತ್ತಿದೆ. ಇಎಲ್34 ಎಂಬ ಗಾಜಿನ ವಾಲ್ವ್‌ಗಳು ಜೋಡಿಯಾಗಿ ಎದುರುಬದುರು ಕೆಲಸ ಮಾಡುವ ಪುಶ್-ಪುಲ್ ಬಗೆಯದು ಅದು. ಈಚೆಗೆ ಅದೇ ಕೋಣೆಯಲ್ಲಿ, ಅದೇ ಸ್ಪೀಕರ್‌ಗೆ ಟಿಪಿಎ3255 ಚಿಪ್ ಇರುವ ಪುಟ್ಟದೊಂದು ಕ್ಲಾಸ್-ಡಿ ಸ್ಟೀರಿಯೋ ಆಂಪ್ ಕಟ್ಟಿ ಕೇಳುತ್ತಿದ್ದೇನೆ. ವಾಲ್ವ್ ಬಿಟ್ಟರೆ ಬೇರೆ ಮುಟ್ಟದ ಹಳೆಯ ಗೆಳೆಯರು, ಈಗಷ್ಟೇ ಸ್ಟೀರಿಯೋ ಕೊಳ್ಳಲು ಹೊರಟ ಹುಡುಗರು, ಇಬ್ಬರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಎರಡರಲ್ಲಿ ಯಾವುದು ಚೆನ್ನ ಎಂದು ಬರೀ ಆಂಪ್ ನೋಡಿ ತೀರ್ಮಾನ ಮಾಡಲು ಬರುವುದಿಲ್ಲ. ಅದರ ಮುಂದಿರುವ ಸ್ಪೀಕರ್ ಯಾವುದು ಅಂತ ಗೊತ್ತಿರಬೇಕು.

ಡಿಜಿಟಲ್ ಆಂಪ್ ಅಂತಾರೆ, ಕ್ಲಾಸ್-ಡಿ ಅಂತಾರೆ. ಎರಡೂ ಒಂದೇನಾ?

ಅಂಗಡಿಯವರ ಬಾಯಲ್ಲಿ ಒಂದೇ. ನಿಜದಲ್ಲಿ ಪೂರ್ತಿ ಒಂದಲ್ಲ. ಆಂಪ್‌ಗಳಲ್ಲಿ ಕ್ಲಾಸ್ ಎ, ಬಿ, ಸಿ ಎಂಬ ಬಗೆಗಳು ಆದಮೇಲೆ ಬಂದದ್ದಕ್ಕೆ ಡಿ ಅಷ್ಟೇ, ಡಿಜಿಟಲ್‌ನ ಡಿ ಅಲ್ಲ. ಇವತ್ತು ಮಾರುಕಟ್ಟೆಯಲ್ಲಿರುವ ಪುಟ್ಟ ಆಂಪ್‌ಗಳಲ್ಲಿ ಹೆಚ್ಚಿನವು ಅನಲಾಗ್ ಸಿಗ್ನಲ್ಲನ್ನೇ ಒಳಗೆ ತೆಗೆದುಕೊಂಡು ಸ್ವಿಚಿಂಗ್ ಮೂಲಕ ದೊಡ್ಡದು ಮಾಡುತ್ತವೆ. ಒಳಗೆ ಸೊನ್ನೆ-ಒಂದರ ಲೆಕ್ಕ ಏನೂ ಇರುವುದಿಲ್ಲ. ಸಿ.ಡಿ.ಯಿಂದ ಬಂದ ಡಿಜಿಟಲ್ ಮಾಹಿತಿಯನ್ನು ಅನಲಾಗ್ ಮಾಡದೆ ನೇರವಾಗಿ ಪಲ್ಸ್‌ಗಳಾಗಿ ಬದಲಿಸುವ ನಿಜವಾದ ಡಿಜಿಟಲ್ ಆಂಪ್‌ಗಳೂ ಇವೆ. 1990ರ ದಶಕದ ಕೊನೆಯಲ್ಲಿ ಡೆನ್ಮಾರ್ಕ್‌ನಿಂದ ಬಂದ ಟ್ಯಾಕ್ಟ್ ಮಿಲೇನಿಯಂ ಆ ಜಾತಿಯದು, ಸೋನಿಯವರ ಎಸ್-ಮಾಸ್ಟರ್ ಕೂಡ. ಈ ಪುಟದಲ್ಲಿ ನಾನು ಮಾತಾಡುತ್ತಿರುವುದು ಮೊದಲನೇ ಬಗೆಯ ಬಗ್ಗೆ.

ಅದು ಕೆಲಸ ಮಾಡುವುದು ಹೇಗೆ?

ವಾಲ್ವ್‌ನಲ್ಲಿ ಗ್ರಿಡ್ ಎಂಬ ಜಾಲರಿಯ ಮೇಲಿನ ಸಣ್ಣ ವೋಲ್ಟೇಜು ದೊಡ್ಡ ಕರೆಂಟನ್ನು ಹೆಚ್ಚು-ಕಡಿಮೆ ಮಾಡುತ್ತಾ ಇರುತ್ತದೆ. ಹಾಡು ಇರಲಿ ಬಿಡಲಿ, ವಾಲ್ವ್ ಒಳಗೆ ಕರೆಂಟು ಹರಿಯುತ್ತಲೇ ಇರಬೇಕು. ಅದಕ್ಕೇ ಅಷ್ಟು ಬಿಸಿ. ಕ್ಲಾಸ್-ಡಿಯಲ್ಲಿ ಔಟ್‌ಪುಟ್‌ನ ಮಾಸ್‌ಫೆಟ್ ಟ್ರಾನ್ಸಿಸ್ಟರ್‌ಗಳು ಒಂದೋ ಪೂರ್ತಿ ಆನ್, ಇಲ್ಲವೇ ಪೂರ್ತಿ ಆಫ್. ನಡುವಿನ ಸ್ಥಿತಿ ಇಲ್ಲ. ಸೆಕೆಂಡಿಗೆ ನಾಲ್ಕೈದು ಲಕ್ಷ ಸಲ ಹೀಗೆ ಆನ್-ಆಫ್ ಆಗುತ್ತವೆ. ಹಾಡಿನ ಅಲೆ ಮೇಲಕ್ಕೆ ಹೋದಾಗ ಆನ್ ಇರುವ ಹೊತ್ತು ಹೆಚ್ಚು, ಕೆಳಗೆ ಇಳಿದಾಗ ಕಡಿಮೆ. ಕೊನೆಯಲ್ಲಿ ಒಂದು ಕಾಯಿಲ್, ಒಂದು ಕೆಪಾಸಿಟರ್ ಸೇರಿದ ಫಿಲ್ಟರ್ ಆ ಚೂರುಗಳನ್ನು ಸವರಿ ಮತ್ತೆ ಹಾಡಿನ ಅಲೆಯನ್ನೇ ಸ್ಪೀಕರ್‌ಗೆ ಕೊಡುತ್ತದೆ.

ಹಳೇ ಮನೆಗಳ ಫ್ಯಾನ್ ರೆಗ್ಯುಲೇಟರ್ ನೆನಪಿದೆಯಲ್ಲ, ಅಂಗೈ ಅಗಲದ ಪೆಟ್ಟಿಗೆ, ಮುಟ್ಟಿದರೆ ಬಿಸಿ. ಅದು ಬೇಡದ ಕರೆಂಟನ್ನು ಶಾಖ ಮಾಡಿ ಸುಡುತ್ತಿತ್ತು. ಈಗಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕರೆಂಟನ್ನು ಕತ್ತರಿಸಿ ಕತ್ತರಿಸಿ ಕೊಡುತ್ತದೆ, ತಣ್ಣಗೇ ಇರುತ್ತದೆ. ವಾಲ್ವ್‌ಗೂ ಕ್ಲಾಸ್-ಡಿಗೂ ಅಂಥದೇ ವ್ಯತ್ಯಾಸ. ಜೋರಾಗಿ ಹಾಡುವಾಗ ಒಳ್ಳೆಯ ಕ್ಲಾಸ್-ಡಿ ಆಂಪ್ ತಾನು ತೆಗೆದುಕೊಂಡ ಶಕ್ತಿಯಲ್ಲಿ ಶೇ. 90ರ ಹತ್ತಿರದಷ್ಟನ್ನು ಸ್ಪೀಕರ್‌ಗೆ ತಲುಪಿಸುತ್ತದೆ.

ಇದು ನಿನ್ನೆ ಮೊನ್ನೆ ಬಂದದ್ದಾ?

ಇಲ್ಲ. ಬ್ರಿಟನ್ನಿನ ಸಿಂಕ್ಲೇರ್ ಕಂಪನಿ 1964ರಲ್ಲೇ ಎಕ್ಸ್-10 ಎಂಬ ಕಿಟ್ ಮಾರಿತ್ತು. ಆ ಕಾಲದ ಟ್ರಾನ್ಸಿಸ್ಟರ್‌ಗಳಿಗೆ ಅಷ್ಟು ಬೇಗ ಆನ್-ಆಫ್ ಆಗುವ ತಾಕತ್ತು ಇರಲಿಲ್ಲ, ಹಾಗಾಗಿ ಅದು ನಿಲ್ಲಲಿಲ್ಲ. 70ರ ದಶಕದ ಕೊನೆಯಲ್ಲಿ ಸೋನಿ ಕೈ ಹಾಕಿತು. ಜನಸಾಮಾನ್ಯರ ಕೈಗೆ ಸಿಕ್ಕಿದ್ದು ಅಮೆರಿಕದ ಟ್ರೈಪಾತ್ ಕಂಪನಿಯ ಚಿಪ್‌ಗಳು ಬಂದಮೇಲೆ. ಆ ಚಿಪ್ ಹಾಕಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಂದ ಅಗ್ಗದ ಟಿ-ಆಂಪ್ ಕೇಳಿ, 300ಬಿ ಎಂಬ ಹೆಸರುವಾಸಿ ವಾಲ್ವ್ ಇಟ್ಟುಕೊಂಡವರೇ ತಲೆದೂಗಿದ ಕಾಲ ಅದು. ಟ್ರೈಪಾತ್ 2007ರಲ್ಲಿ ದಿವಾಳಿಯಾಯಿತು. ಫಿಲಿಪ್ಸ್‌ನಲ್ಲಿದ್ದ ಬೆಲ್ಜಿಯಂನ ಇಂಜಿನಿಯರ್ ಬ್ರೂನೋ ಪುಟ್ಸೈಸ್ ಅಲ್ಲಿ ಯುಸಿಡಿ, ಆಮೇಲೆ ಹೈಪೆಕ್ಸ್ ಕಂಪನಿಯಲ್ಲಿ ಎನ್‌ಕೋರ್, 2019ರಲ್ಲಿ ಪ್ಯೂರಿಫೈ ಎಂದು ಒಂದಾದಮೇಲೊಂದು ವಿನ್ಯಾಸ ಕೊಟ್ಟರು. ಕ್ಲಾಸ್-ಡಿ ಎಂದರೆ ಸಬ್‌ವೂಫರ್‌ಗೆ ಮಾತ್ರ ಲಾಯಕ್ಕು ಎಂಬ ಮಾತು ಸುಳ್ಳಾದದ್ದರಲ್ಲಿ ಅವರ ಪಾಲು ದೊಡ್ಡದು. ನಮ್ಮಂಥವರ ಬಜೆಟ್ಟಿಗೆ ಹೊಂದುವ ಆಂಪ್‌ಗಳಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116, ಟಿಪಿಎ3255 ಚಿಪ್‌ಗಳೇ ಹೆಚ್ಚು. ಫೋಸಿ, ಐಯಿಮಾ, ಎಸ್‌ಎಂಎಸ್‌ಎಲ್ ಮುಂತಾದ ಚೀನಾ ಹೆಸರುಗಳು ಅಮೆಜಾನ್‌ನಲ್ಲಿ ಕಾಣುತ್ತವಲ್ಲ, ಅವುಗಳ ಒಳಗೆ ಬಹಳ ಸಲ ಇರುವುದು ಇವೇ.

ಮೊದಲ ಸಲ ಕೇಳಿದಾಗ ಏನು ವ್ಯತ್ಯಾಸ ಗೊತ್ತಾಗುತ್ತದೆ?

ಮೊದಲು ಗೊತ್ತಾಗುವುದು ನಿಶ್ಶಬ್ದ. ವಾಲ್ವ್ ಆಂಪ್‌ನಲ್ಲಿ ಸ್ಪೀಕರ್‌ಗೆ ಕಿವಿ ಇಟ್ಟರೆ ಸಣ್ಣ ಹಮ್ ಇದ್ದೇ ಇರುತ್ತದೆ, ಟ್ರಾನ್ಸ್‌ಫಾರ್ಮರ್ ತಾನೂ ಒಂಚೂರು ಗುಂಯ್ ಅನ್ನುತ್ತದೆ. ಇಲ್ಲಿ ಅದಿಲ್ಲ. ಹಾಡು ಮುಗಿದು ಮುಂದಿನದು ಶುರುವಾಗುವ ನಡುವೆ ಕರೆಂಟು ಹೋಯಿತೇನೋ ಅನ್ನಿಸುವಷ್ಟು ಮೌನ.

ಎರಡನೆಯದು ಬೇಸ್. ಮೃದಂಗದ ಎಡಗಡೆ, ತೊಪ್ಪಿಯ ಮೇಲೆ ಬಿದ್ದ ಪೆಟ್ಟು ಶುರುವಾಗುವ ಜಾಗವೂ ನಿಲ್ಲುವ ಜಾಗವೂ ಸ್ಪಷ್ಟವಾಗಿ ಕೇಳುತ್ತವೆ. ತನಿ ಆವರ್ತನದಲ್ಲಿ ಮೃದಂಗ ಮತ್ತು ಘಟ ಒಟ್ಟಿಗೆ ಓಡುವಾಗ ಯಾವ ಪೆಟ್ಟು ಯಾರದು ಎಂದು ಬಿಡಿಸಿ ಕೇಳಬಹುದು. ನನ್ನ ವಾಲ್ವ್ ಆಂಪ್‌ನಲ್ಲಿ ಅವೆರಡೂ ಒಂದರ ಬಾಲಕ್ಕೆ ಒಂದು ಅಂಟಿಕೊಂಡ ಹಾಗೆ ಕೇಳುತ್ತಿದ್ದವು. ಯಕ್ಷಗಾನದ ಚೆಂಡೆಯಲ್ಲಂತೂ ವ್ಯತ್ಯಾಸ ಇನ್ನೂ ಜಾಸ್ತಿ. ಕೋಲು ಚರ್ಮಕ್ಕೆ ತಾಗುವ ಆ ಚಟ್ ಎಂಬ ಸದ್ದು ಇದ್ದ ಹಾಗೇ ಬರುತ್ತದೆ.

ಮೂರನೆಯದು ನನಗೆ ಮೊದಮೊದಲು ಸರಿಬರದ್ದು. ತಂಬೂರಿ ತೆಳ್ಳಗಾಯಿತು. ವಾಲ್ವ್‌ನಲ್ಲಿ ಗಾಯಕರ ಹಿಂದೆ ಕೋಣೆ ತುಂಬಾ ಹರಡಿಕೊಳ್ಳುತ್ತಿದ್ದ ತಂಬೂರಿ ಇಲ್ಲಿ ಎರಡು ಸ್ಪೀಕರ್ ನಡುವೆ ತನ್ನ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಜೀವಾಳದ ದಾರದಿಂದ ಏಳುವ ಜೇಂಕಾರ ಸ್ಪಷ್ಟವಾಗಿದೆ, ಆದರೆ ಮಂದ್ರ ಷಡ್ಜಕ್ಕೆ ಮೊದಲಿನ ತೂಕ ಇಲ್ಲ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಆಕಾಶವಾಣಿ ಧ್ವನಿಮುದ್ರಣಗಳಲ್ಲಿ ಇದು ಎದ್ದು ಕಾಣುತ್ತದೆ. ವೀಣೆಯಲ್ಲಿ ಮಾತ್ರ ಹೊಸ ಆಂಪ್‌ಗೇ ನನ್ನ ಓಟು. ದೊರೆಸ್ವಾಮಿ ಅಯ್ಯಂಗಾರ್ಯರ ಮೀಟು, ಆಮೇಲೆ ತಂತಿ ಎಳೆದು ಬರುವ ಗಮಕ, ಅದು ಸಣ್ಣಗಾಗುತ್ತಾ ಹೋಗಿ ಇನ್ನೇನು ಮುಗಿಯಿತು ಅನ್ನುವ ಕೊನೆಯ ಎಳೆ. ಅಷ್ಟು ದೂರ ಅದನ್ನು ಹಿಂಬಾಲಿಸಿ ಹೋಗಲು ವಾಲ್ವ್‌ನ ಹಮ್ ಬಿಡುತ್ತಿರಲಿಲ್ಲ.

ತಂಬೂರಿ ಯಾಕೆ ತೆಳ್ಳಗಾಗುತ್ತದೆ? ಡಿಜಿಟಲ್ ಅಂದಮೇಲೆ ಧ್ವನಿಯಲ್ಲಿ ಏನೋ ಕಳೆದುಹೋಗಿರಬೇಕಲ್ಲ?

ಎಲ್ಲರೂ ಕೇಳುವ ಪ್ರಶ್ನೆ ಇದು. ಏನೂ ಕಳೆದುಹೋಗಿಲ್ಲ, ವಾಲ್ವ್ ಆಂಪ್ ಸೇರಿಸುತ್ತಿದ್ದ ಒಂದು ಸಂಗತಿ ಈಗ ಇಲ್ಲ. ಅದಕ್ಕೆ ಕಾರಣ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಸ್ಪೀಕರ್‌ಗೆ ಹೋಗುವ ಕರೆಂಟಿಗೆ ಆಂಪ್ ತಾನೇ ಒಡ್ಡುವ ಅಡ್ಡಿ. ಅದನ್ನೂ ಓಮ್‌ನಲ್ಲೇ ಅಳೆಯುತ್ತಾರೆ. ಅದು ಹೆಚ್ಚಿದ್ದಷ್ಟೂ, ಸ್ಪೀಕರ್‌ನ ಓಮ್ ಏರಿದ ಕಡೆ ಧ್ವನಿ ಏರುತ್ತದೆ, ಇಳಿದ ಕಡೆ ಇಳಿಯುತ್ತದೆ.

8 ಓಮ್ ಎಂದು ಬರೆದ ಸ್ಪೀಕರ್ ಎಲ್ಲ ಕಡೆ 8 ಓಮ್ ಇರುವುದಿಲ್ಲ. ಉದಾಹರಣೆಗೆ ಒಂದು ಸ್ಪೀಕರ್ 200 ಹರ್ಟ್ಸ್ ಹತ್ತಿರ 4.5 ಓಮ್‌ಗೆ ಇಳಿಯುತ್ತದೆ, 70 ಹರ್ಟ್ಸ್ ಹತ್ತಿರ, ಅಂದರೆ ಪೆಟ್ಟಿಗೆಯೂ ವೂಫರೂ ಸೇರಿ ಅನುರಣಿಸುವ ಜಾಗದಲ್ಲಿ, 30 ಓಮ್‌ಗೆ ಏರುತ್ತದೆ ಅಂತಿಟ್ಟುಕೊಳ್ಳಿ. ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದು ಪಾಲನ್ನು ಹಿಂದಕ್ಕೆ ಕೊಟ್ಟು ತಪ್ಪು ತಿದ್ದುವ ಏರ್ಪಾಡು) ಇಲ್ಲದ ಸಿಂಗಲ್-ಎಂಡೆಡ್, ಅಂದರೆ ಜೋಡಿ ಇಲ್ಲದೆ ಒಂದೇ ವಾಲ್ವ್ ಇಡೀ ಅಲೆಯನ್ನು ಹೊರುವ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ ಸುಲಭವಾಗಿ 3 ಓಮ್ ಇರುತ್ತದೆ. ಲೆಕ್ಕ ಹಾಕಿದರೆ ಆ 70 ಹರ್ಟ್ಸ್ ಮತ್ತು 200 ಹರ್ಟ್ಸ್ ನಡುವೆ ಮೂರೂವರೆ ಡೆಸಿಬಲ್ ಏರುಪೇರು. ಫೀಡ್‌ಬ್ಯಾಕ್ ಇರುವ ಪುಶ್-ಪುಲ್‌ನಲ್ಲಿ 1 ಓಮ್ ಎಂದುಕೊಂಡರೂ ಸುಮಾರು ಒಂದೂವರೆ ಡೆಸಿಬಲ್. ಕ್ಲಾಸ್-ಡಿಯಲ್ಲಿ ಅದು ಒಂದು ಓಮ್‌ನ ಸಣ್ಣ ಭಾಗ, ಏರುಪೇರು 0.1 ಡೆಸಿಬಲ್ಲಿಗಿಂತ ಕಡಿಮೆ.

ಈಗ ತಂಬೂರಿಗೆ ಬನ್ನಿ. ಗಾಯಕರ ಶ್ರುತಿ ಹಾರ್ಮೋನಿಯಂನ ಕಪ್ಪು ಒಂದು ಅಂದುಕೊಳ್ಳಿ. ಮಂದ್ರ ಷಡ್ಜದ ತಂತಿ ಸುಮಾರು 69 ಹರ್ಟ್ಸ್. ಪುಸ್ತಕದ ಕಪಾಟಿನಲ್ಲಿ ಕೂರುವಂಥ ಬಹಳಷ್ಟು ಸ್ಪೀಕರ್‌ಗಳು ಅನುರಣಿಸುವುದೂ ಸರಿಯಾಗಿ ಅದೇ ಆಸುಪಾಸಿನಲ್ಲಿ. ವಾಲ್ವ್ ಆಂಪ್ ಅಲ್ಲಿ ಒಂದು ಗುಡ್ಡ ಎಬ್ಬಿಸಿ ಕೊಡುತ್ತದೆ, ತಂಬೂರಿ ತುಂಬಿ ಬರುತ್ತದೆ. ಅದೇ ಗುಡ್ಡ ಮೃದಂಗದ ತೊಪ್ಪಿಯನ್ನು ಸ್ವಲ್ಪ ಉದ್ದ ಎಳೆಯುತ್ತದೆ. ತಂಬೂರಿಯಲ್ಲಿ ಇಷ್ಟವಾದದ್ದೂ ಮೃದಂಗದಲ್ಲಿ ಕಷ್ಟವಾದದ್ದೂ ಒಂದೇ ಕಾರಣದಿಂದ ಬಂದವು ಎಂದು ತಿಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ವಾಲ್ವ್‌ನ ಇಂಪು ಅಂದರೆ ಎರಡನೇ ಹಾರ್ಮೋನಿಕ್ ಅಂತಾರಲ್ಲ?

ಅರ್ಧ ನಿಜ. ಹಾರ್ಮೋನಿಕ್ ಅಂದರೆ ಇಲ್ಲಿ ಆಂಪ್ ತಾನೇ ಸೇರಿಸುವ, ಮೂಲ ಸ್ವರದ ಎರಡರಷ್ಟು, ಮೂರರಷ್ಟು ಕಂಪನದ ಸ್ವರ. 300ಬಿ ಅಥವಾ 2ಎ3 ಹಾಕಿದ ಸಿಂಗಲ್-ಎಂಡೆಡ್ ಆಂಪ್‌ಗಳಲ್ಲಿ ಎರಡನೇ ಹಾರ್ಮೋನಿಕ್ ಮುಂದಿರುತ್ತದೆ, ಅದು ಮೂಲ ಸ್ವರದ ತಾರ ಸ್ಥಾಯಿಯೇ ಆದ್ದರಿಂದ ಕಿವಿಗೆ ಅಪಸ್ವರ ಅನ್ನಿಸುವುದಿಲ್ಲ. ಆದರೆ ಪುಶ್-ಪುಲ್‌ನಲ್ಲಿ ಎರಡು ವಾಲ್ವ್‌ಗಳು ಎದುರುಬದುರು ಕೆಲಸ ಮಾಡುವಾಗ ಸಮ ಸಂಖ್ಯೆಯ ಹಾರ್ಮೋನಿಕ್‌ಗಳು ಬಹುಪಾಲು ಒಂದನ್ನೊಂದು ಹೊಡೆದುಹಾಕುತ್ತವೆ. ಉಳಿಯುವುದು ಮೂರನೆಯದು. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿರುವ ಇಎಲ್34, ಇಎಲ್84, ಕೆಟಿ88 ಆಂಪ್‌ಗಳು ಪುಶ್-ಪುಲ್. ಅವುಗಳ ಇಂಪಿಗೆ ಎರಡನೇ ಹಾರ್ಮೋನಿಕ್ ಅನ್ನು ಹೊಣೆ ಮಾಡುವುದು ಸರಿಯಲ್ಲ. ನನ್ನ ಮಟ್ಟಿಗೆ ಔಟ್‌ಪುಟ್ ಇಂಪೀಡೆನ್ಸ್‌ಗೇ ಮೊದಲ ಪಾಲು.

ಹಾಗಾದರೆ ಡಿಜಿಟಲ್ ಆಂಪ್‌ನಲ್ಲೂ ಆ ತುಂಬು ಧ್ವನಿ ತರಬಹುದಾ?

ತರಬಹುದು, ಇಪ್ಪತ್ತು-ಮೂವತ್ತು ರೂಪಾಯಿಯ ಸಾಮಾನಿನಲ್ಲಿ. ಎಸ್.ಪಿ. ರಸ್ತೆಯ ಯಾವ ಬಿಡಿಭಾಗದ ಅಂಗಡಿಯಲ್ಲಾದರೂ 1 ಓಮ್ ಅಥವಾ 1.5 ಓಮ್, 10 ವಾಟ್‌ನ ಸಿಮೆಂಟ್ ರೆಸಿಸ್ಟರ್ ಎರಡು ಕೇಳಿ. ಬಿಳಿ ಬಣ್ಣದ, ಬಳಪದ ತುಂಡಿನಂಥ ಚೌಕ ಕಡ್ಡಿ, ಎರಡು ಕಡೆ ತಂತಿ. ಆಂಪ್ ಆಫ್ ಮಾಡಿ, ಸ್ಪೀಕರ್‌ಗೆ ಹೋಗುವ ಕೆಂಪು ವೈರ್ ಬಿಚ್ಚಿ, ಆಂಪ್‌ನ ಕೆಂಪು ಟರ್ಮಿನಲ್ ಮತ್ತು ವೈರ್ ನಡುವೆ ರೆಸಿಸ್ಟರ್ ಸೇರಿಸಿ. ಎರಡೂ ಚಾನೆಲ್‌ಗೆ ಒಂದೊಂದು. ಕಪ್ಪು ವೈರ್ ಮುಟ್ಟಬೇಡಿ. ತಂತಿಗಳು ಪಕ್ಕದ ಟರ್ಮಿನಲ್‌ಗೆ ತಾಗದಂತೆ ಟೇಪ್ ಸುತ್ತಿ. ಜೋರಾಗಿ ಕೇಳಿದರೆ ರೆಸಿಸ್ಟರ್ ಬಿಸಿಯಾಗುತ್ತದೆ, ಬಟ್ಟೆ-ಕಾಗದದ ಮೇಲೆ ಮಲಗಿಸಬೇಡಿ.

1.5 ಓಮ್ ಸೇರಿಸಿದಾಗ ಧ್ವನಿ ಸುಮಾರು ಒಂದೂವರೆ ಡೆಸಿಬಲ್ ಇಳಿಯುತ್ತದೆ, ವಾಲ್ಯೂಮ್ ಅಷ್ಟು ಏರಿಸಿಕೊಂಡು ಕೇಳಿ. ನಮ್ಮಲ್ಲಿ ತಂಬೂರಿ ಮತ್ತೆ ಹರಡಿಕೊಂಡಿತು, ಮೃದಂಗದ ಎಡಗಡೆ ಮತ್ತೆ ಉದ್ದವಾಯಿತು. ವಾಲ್ವ್ ಆಂಪ್‌ಗೂ ಇದಕ್ಕೂ ನಡುವೆ ಉಳಿದ ಅಂತರ ಬಹಳ ಸಣ್ಣದು. 1985ರಲ್ಲಿ ಅಮೆರಿಕದ ಆಂಪ್ ವಿನ್ಯಾಸಕಾರ ಬಾಬ್ ಕಾರ್ವರ್ ತಮ್ಮ ಟ್ರಾನ್ಸಿಸ್ಟರ್ ಆಂಪನ್ನು ಒಂದು ದುಬಾರಿ ವಾಲ್ವ್ ಆಂಪ್‌ನಂತೆಯೇ ಕೇಳಿಸುವ ಹಾಗೆ ಹೊಂದಿಸಿ ತೋರಿಸುತ್ತೇನೆ ಎಂದು ಸ್ಟೀರಿಯೋಫೈಲ್ ಪತ್ರಿಕೆಯವರ ಎದುರು ಪಂಥ ಕಟ್ಟಿ, ಅವರನ್ನು ಒಪ್ಪಿಸಿದ್ದರು. ಅದರ ಬೇರೂ ಇಲ್ಲೇ ಇದೆ.

ದಯವಿಟ್ಟು ಈ ಪ್ರಯೋಗ ಮಾಡಿ ನೋಡಿ. ಹೊಸ ವಾಲ್ವ್‌ಗೋ ದುಬಾರಿ ಕೇಬಲ್‌ಗೋ ದುಡ್ಡು ಸುರಿಯುವ ಮುಂಚೆ ನಿಮ್ಮ ಕಿವಿಗೆ ಬೇಕಿರುವುದು ಏನು ಎಂದು ಇದು ತಿಳಿಸುತ್ತದೆ.

ಎರಡು ಆಂಪ್‌ಗಳನ್ನು ಸರಿಯಾಗಿ ಹೋಲಿಸುವುದು ಹೇಗೆ?

ಧ್ವನಿಮಟ್ಟ ಸರಿಸಮ ಮಾಡದೆ ಹೋಲಿಸಲೇಬೇಡಿ. ಒಂಚೂರು ಜೋರಾಗಿರುವುದೇ ಕಿವಿಗೆ ಚೆನ್ನಾಗಿ ಕೇಳುತ್ತದೆ, ಜೋರಾಗಿದೆ ಎಂದೇ ಗೊತ್ತಾಗುವುದಿಲ್ಲ. ಫೋನಿನಿಂದ 300 ಹರ್ಟ್ಸ್‌ನ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ಹಿಡಿದು ಎ.ಸಿ. ವೋಲ್ಟೇಜ್ ನೋಡಿ. ಒಂದರಲ್ಲಿ 1.00 ವೋಲ್ಟ್ ಬಂದರೆ ಇನ್ನೊಂದರಲ್ಲೂ 0.99 ಮತ್ತು 1.01ರ ನಡುವೆ ಇರಲಿ. 300 ಹರ್ಟ್ಸ್ ಯಾಕೆಂದರೆ ಅಗ್ಗದ ಮಲ್ಟಿಮೀಟರ್‌ಗಳು 400 ಹರ್ಟ್ಸ್ ದಾಟಿದಮೇಲೆ ನಂಬಿಕೆಗೆ ಯೋಗ್ಯವಲ್ಲ.

ಆಮೇಲೆ ಮನೆಯವರಲ್ಲಿ ಯಾರಾದರೂ ನಿಮಗೆ ಕಾಣದಂತೆ ವೈರ್ ಬದಲಿಸಲಿ. ವಾಲ್ವ್ ಆಂಪ್ ಆಫ್ ಮಾಡಿಯೇ ಸ್ಪೀಕರ್ ವೈರ್ ತೆಗೆಯಬೇಕು ಎನ್ನುವುದನ್ನು ಅವರಿಗೆ ಮೊದಲೇ ಹೇಳಿಕೊಡಿ.

ಸ್ಪೀಕರ್ ವೈರ್ ಕಟ್ಟುವಾಗ ಎಚ್ಚರ ಬೇಕಾ? ವರ್ಷಗಟ್ಟಲೆ ಕಟ್ಟಿದ್ದೇವಲ್ಲ.

ಬಹಳ ಬೇಕು, ಯಾಕೆಂದರೆ ನಿಯಮಗಳು ತಿರುವುಮುರುವು. ವಾಲ್ವ್ ಆಂಪನ್ನು ಸ್ಪೀಕರ್ ಇಲ್ಲದೆ ಓಡಿಸಬಾರದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಏರಿ ಒಳಗೇ ಕಿಡಿ ಹಾರಿ ಸುಟ್ಟುಹೋಗಬಹುದು. ಕ್ಲಾಸ್-ಡಿಗೆ ಸ್ಪೀಕರ್ ಇಲ್ಲದಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಅದಕ್ಕೆ ಅಪಾಯ ಇರುವುದು ಶಾರ್ಟ್ ಮತ್ತು ಅರ್ತ್‌ನಿಂದ.

ವಾಲ್ವ್ ಆಂಪ್‌ನ ಕಪ್ಪು ಟರ್ಮಿನಲ್ ಬಹುತೇಕ ಅರ್ತ್‌ಗೇ ಸೇರಿರುತ್ತದೆ. ಟಿಪಿಎ3255ನಂಥ ಆಂಪ್‌ಗಳಲ್ಲಿ ಪ್ರತಿ ಚಾನೆಲ್‌ಗೆ ಎರಡು ಆಂಪ್ ಎದುರುಬದುರು ನಿಂತಿರುತ್ತವೆ, ಬ್ರಿಡ್ಜ್ ಅನ್ನುತ್ತಾರೆ. ಕೆಂಪೂ ಜೀವಂತ, ಕಪ್ಪೂ ಜೀವಂತ. ಎಡ ಮತ್ತು ಬಲದ ಕಪ್ಪು ವೈರ್‌ಗಳನ್ನು ಒಂದು ಮಾಡಿದರೆ, ಕಪ್ಪನ್ನು ಅರ್ತ್‌ಗೆ ಸೇರಿಸಿದರೆ ಚಿಪ್ ಹೋಗಬಹುದು. ಹಾಗಾಗಿ ಎರಡು ಆಂಪ್ ನಡುವೆ ಬದಲಾಯಿಸಲೆಂದು ಮಾರುವ ಅಗ್ಗದ ಸೆಲೆಕ್ಟರ್ ಪೆಟ್ಟಿಗೆ ಬಳಸುವ ಮುನ್ನ, ಅದರ ಒಳಗೆ ಕಪ್ಪುಗಳೆಲ್ಲ ಒಂದಾಗಿವೆಯೇ ಎಂದು ಮೀಟರ್ ಹಿಡಿದು ನೋಡಿ. ಸ್ಪೀಕರ್ ವೈರ್‌ನಿಂದಲೇ ಸಿಗ್ನಲ್ ತೆಗೆದುಕೊಳ್ಳುವ ಸಬ್‌ವೂಫರ್, ಹಳೆಯ ಹೆಡ್‌ಫೋನ್ ಅಡಾಪ್ಟರ್, ಅರ್ತ್ ಇರುವ ಆಸಿಲೋಸ್ಕೋಪ್, ಇವಕ್ಕೂ ಇದೇ ಮಾತು. ಬ್ಯಾಟರಿಯ ಮಲ್ಟಿಮೀಟರ್‌ಗೆ ಭಯವಿಲ್ಲ.

4 ಓಮ್, 8 ಓಮ್ ಟ್ಯಾಪ್ ಎಲ್ಲಿ?

ಇಲ್ಲ. ವಾಲ್ವ್ ಆಂಪ್ ಹಿಂದೆ 4 ಓಮ್, 8 ಓಮ್ ಸ್ಪೀಕರ್‌ಗೆಂದು ಬೇರೆ ಬೇರೆ ಟರ್ಮಿನಲ್ ಇರುತ್ತವಲ್ಲ, ಅವೇ ಟ್ಯಾಪ್. ಇಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಇಲ್ಲವಾದ್ದರಿಂದ ಅವು ಬೇಕಿಲ್ಲ. ಎರಡಕ್ಕೂ ಅದೇ ಟರ್ಮಿನಲ್.

ಪೆಟ್ಟಿಗೆ ಮೇಲೆ 300 ವಾಟ್ ಅಂತಿದೆ. ಅಂಗೈ ಅಗಲದ ಸಾಮಾನಿನಲ್ಲಿ ಅಷ್ಟು ಬರುತ್ತದಾ?

ಆ ಸಂಖ್ಯೆ ಚಿಪ್‌ನ ಗರಿಷ್ಠ ಸಾಮರ್ಥ್ಯದ್ದು: 4 ಓಮ್‌ಗೆ, 50 ವೋಲ್ಟ್ ಆಸುಪಾಸಿನ ಪವರ್ ಸಪ್ಲೈ ಕೊಟ್ಟು, ಶೇ. 10 ಡಿಸ್ಟಾರ್ಷನ್ ಆಗುವವರೆಗೆ ತಿರುಗಿಸಿದಾಗ. ಶೇ. 10 ಅಂದರೆ ಕೇಳಲಾಗದ ಕರ್ಕಶ. ನಿಮಗೆ ಬೇಕಾದ ಲೆಕ್ಕ ಅಡಾಪ್ಟರ್ ಮೇಲೆ ಬರೆದಿರುತ್ತದೆ. 32 ವೋಲ್ಟ್, 5 ಆಂಪಿಯರ್ ಅಂದರೆ ಒಟ್ಟು 160 ವಾಟ್, ಅದಕ್ಕಿಂತ ಹೆಚ್ಚು ಎಲ್ಲಿಂದಲೂ ಬರದು. 8 ಓಮ್ ಸ್ಪೀಕರ್‌ಗೆ 32 ವೋಲ್ಟ್‌ನಲ್ಲಿ ಶುದ್ಧವಾಗಿ ಸಿಗುವುದು ಚಾನೆಲ್‌ಗೆ 50 ವಾಟ್ ಚಿಲ್ಲರೆ, 48 ವೋಲ್ಟ್‌ನಲ್ಲಿ 120ರ ಮೇಲೆ.

ಮನೆಗೆ ಇದು ಬೇಕಾದಷ್ಟು. 87 ಡೆಸಿಬಲ್ ಸೆನ್ಸಿಟಿವಿಟಿಯ ಸ್ಪೀಕರ್ 1 ವಾಟ್‌ಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬಲ್ ಕೊಡುತ್ತದೆ, 16 ವಾಟ್‌ಗೆ 99. ಪಕ್ಕದ ಮನೆಯವರು ಬಾಗಿಲು ತಟ್ಟುವಷ್ಟು ಅದು. ನನ್ನ ಇಎಲ್34 ಆಂಪ್‌ನ 30 ಚಿಲ್ಲರೆ ವಾಟ್ ಎಂದೂ ಸಾಲದೆ ಬಂದಿಲ್ಲ. ಹೆಚ್ಚು ವಾಟ್ ಬೇಕೆಂದು ಡಿಜಿಟಲ್‌ಗೆ ಹೋಗುವ ಅಗತ್ಯ ನಮ್ಮ ಮನೆಗಳಲ್ಲಿ ಕಡಿಮೆ.

ಕೆಲವು ಅಗ್ಗದ ಡಿಜಿಟಲ್ ಆಂಪ್‌ಗಳಲ್ಲಿ ತಾಳ, ಗೆಜ್ಜೆಯ ಸದ್ದು ಚುಚ್ಚುತ್ತದೆ. ಯಾಕೆ?

ಕೊನೆಯ ಆ ಫಿಲ್ಟರ್‌ನಿಂದ. ಅದನ್ನು ಒಂದು ನಿಗದಿತ ಓಮ್ ಅಂದಾಜಿಟ್ಟು ಮಾಡಿರುತ್ತಾರೆ. ಸ್ಪೀಕರ್‌ನ ಓಮ್ ಮೇಲಿನ ಕಡೆ ಏರಿದರೆ 10 ಕಿಲೋಹರ್ಟ್ಸ್ ಆಚೆ ಧ್ವನಿ ಉಬ್ಬುತ್ತದೆ. ಅಂದರೆ ವಾಲ್ವ್ ಆಂಪ್ ಬೇಸ್‌ನಲ್ಲಿ ಮಾಡುವ ಕೆಲಸವನ್ನು ಇದು ಟ್ರೆಬಲ್‌ನಲ್ಲಿ ಮಾಡುತ್ತದೆ! ಫೀಡ್‌ಬ್ಯಾಕನ್ನು ಫಿಲ್ಟರ್ ಆದಮೇಲೆ ತೆಗೆದುಕೊಂಡರೆ ಈ ತೊಂದರೆ ಇರುವುದಿಲ್ಲ. ಕೊಳ್ಳುವಾಗ ವಿವರಣೆಯಲ್ಲಿ ಪಿಎಫ್‌ಎಫ್‌ಬಿ ಎಂಬ ನಾಲ್ಕಕ್ಷರ ಇದೆಯೇ ನೋಡಿ. ಹೈಪೆಕ್ಸ್, ಪ್ಯೂರಿಫೈ ಮಾಡ್ಯೂಲ್‌ಗಳಲ್ಲಿ ಇದು ಮೂಲ ವಿನ್ಯಾಸದಲ್ಲೇ ಇದೆ. ಸಾವಿರ-ಎರಡು ಸಾವಿರ ಹೆಚ್ಚಾದರೂ ಇದಿರುವುದನ್ನೇ ತೆಗೆದುಕೊಳ್ಳಿ ಅನ್ನುವುದು ನನ್ನ ಗಟ್ಟಿ ಸಲಹೆ.

ನನ್ನ ವಾಲ್ವ್ ಪ್ರಿಆಂಪನ್ನು ಇದಕ್ಕೆ ಜೋಡಿಸಬಹುದಾ?

ಪ್ರಿಆಂಪ್ ಅಂದರೆ ಪವರ್ ಆಂಪ್‌ಗೆ ಮುಂಚೆ ಬರುವ, ವಾಲ್ಯೂಮ್ ನೋಡಿಕೊಳ್ಳುವ ಹಂತ. ಜೋಡಿಸಬಹುದು, ಲೆಕ್ಕ ನೋಡಿ ಜೋಡಿಸಬೇಕು. ವಾಲ್ವ್ ಪವರ್ ಆಂಪ್‌ಗಳ ಇನ್‌ಪುಟ್ ಇಂಪೀಡೆನ್ಸ್ 100 ಕಿಲೋಓಮ್, 470 ಕಿಲೋಓಮ್ ಹೀಗಿರುತ್ತದೆ. ಕ್ಲಾಸ್-ಡಿ ಆಂಪ್‌ಗಳದ್ದು ಎಷ್ಟೋ ಸಲ 20 ಕಿಲೋಓಮ್ ಹತ್ತಿರ. ಪ್ರಿಆಂಪ್‌ನ ಕೊನೆಯಲ್ಲಿ ಡಿ.ಸಿ. ತಡೆದು ಹಾಡನ್ನು ಮಾತ್ರ ಮುಂದೆ ಬಿಡುವ 0.1 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ ಇದ್ದರೆ, 20 ಕಿಲೋಓಮ್ ಸೇರಿ 80 ಹರ್ಟ್ಸ್‌ನಿಂದಲೇ ಬೇಸ್ ಇಳಿಯಲು ಶುರು. ಡಿಜಿಟಲ್ ಆಂಪ್‌ಗೆ ಬೇಸ್ ಇಲ್ಲ ಎಂದು ದೂರುವವರಲ್ಲಿ ಒಂದಷ್ಟು ಜನರ ತೊಂದರೆ ಇಷ್ಟೇ. ಅಲ್ಲಿ 1 ಮೈಕ್ರೋಫ್ಯಾರಡ್ ಹಾಕಿಸಿದರೆ 8 ಹರ್ಟ್ಸ್‌ವರೆಗೆ ನಿಶ್ಚಿಂತೆ. ಇಸಿಸಿ83 ಎಂಬ ಸಣ್ಣ ವಾಲ್ವ್‌ನ ಪ್ಲೇಟ್‌ನಿಂದಲೇ ಔಟ್‌ಪುಟ್ ತೆಗೆದಿರುವ ಪ್ರಿಆಂಪ್ ಇದಕ್ಕೆ ಹೊಂದುವುದಿಲ್ಲ. ಕೊನೆಯಲ್ಲಿ ಕ್ಯಾಥೋಡ್ ಫಾಲೋಯರ್, ಅಂದರೆ ಔಟ್‌ಪುಟ್ ಇಂಪೀಡೆನ್ಸ್ ಇಳಿಸುವ ವಾಲ್ವ್ ಹಂತ, ಇದ್ದರೆ ಚೆನ್ನಾಗಿ ಹೊಂದುತ್ತದೆ.

ಆಂಪ್‌ಗೆ ಮುಂಚೆ ಸೇರಿಸಲೆಂದು ಮಾರುವ, ಎರಡು ಪುಟ್ಟ ವಾಲ್ವ್ ಹೊಳೆಯುತ್ತಾ ಕೂತಿರುವ ಅಗ್ಗದ ಬಫರ್ ಡಬ್ಬಿಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಔಟ್‌ಪುಟ್ ಇಂಪೀಡೆನ್ಸ್‌ನಿಂದ ಬರುವ ಗುಣ ಅವುಗಳಿಂದ ಬರಲು ಸಾಧ್ಯವಿಲ್ಲ.

ಸ್ಸ್ ಅಂತ ಸದ್ದು ಬರುತ್ತಿದೆ.

95 ಡೆಸಿಬಲ್ ಮೇಲಿನ ಸೆನ್ಸಿಟಿವಿಟಿಯ ಹಾರ್ನ್ ಅಥವಾ ಫುಲ್-ರೇಂಜ್ ಸ್ಪೀಕರ್ ಇರಬೇಕು. ಆಂಪ್‌ನ ಗೇನ್, ಅಂದರೆ ಅದು ಸಿಗ್ನಲ್ಲನ್ನು ದೊಡ್ಡದು ಮಾಡುವ ಪ್ರಮಾಣ, ಹೆಚ್ಚಾಗಿದೆ. ಗೇನ್ ಕಡಿಮೆ ಮಾಡುವ ಸ್ವಿಚ್ ಇದ್ದರೆ ಇಳಿಸಿ. ಬದಲಿಗೆ ಹಮ್ ಬರುತ್ತಿದ್ದರೆ ಅದು ಅರ್ತ್ ಲೂಪ್, ಅಂದರೆ ಜೋಡಿಸಿದ ಸಾಮಾನುಗಳು ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಅರ್ತ್‌ಗೆ ಸೇರಿರುವುದು. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ, ಹೋದರೆ ಕಾರಣ ಸಿಕ್ಕಿತು.

ಆಂಪ್ ಆನ್ ಮಾಡಿದರೆ ಅಪ್ಪನ ರೇಡಿಯೋದಲ್ಲಿ ಗೊರಗೊರ ಅನ್ನುತ್ತದೆ.

ಆಶ್ಚರ್ಯ ಇಲ್ಲ. ಮೀಡಿಯಂ ವೇವ್ ಶುರುವಾಗುವುದು 530 ಕಿಲೋಹರ್ಟ್ಸ್ ಹತ್ತಿರ, ಬೆಂಗಳೂರು ಆಕಾಶವಾಣಿ ಇರುವುದು 612ರಲ್ಲಿ, ಧಾರವಾಡ 765ರಲ್ಲಿ. ಈ ಆಂಪ್‌ಗಳು ಸ್ವಿಚ್ ಆಗುವುದು 450ರಿಂದ 600 ಕಿಲೋಹರ್ಟ್ಸ್‌ನಲ್ಲಿ. ರೇಡಿಯೋವನ್ನು ಬೇರೆ ಕೋಣೆಗೆ ಒಯ್ಯಿರಿ, ಸ್ಪೀಕರ್ ವೈರ್ ಆದಷ್ಟು ಗಿಡ್ಡ ಇಟ್ಟು ಎರಡೂ ಎಳೆ ಹೊಸೆದುಬಿಡಿ. ಎಫ್.ಎಂ.ಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಬೆಳಗಿನ ಚಿಂತನ ತಪ್ಪದೆ ಕೇಳುವ ಹಿರಿಯರಿರುವ ಮನೆಯಲ್ಲಿ ಇದನ್ನು ಮೊದಲೇ ಯೋಚಿಸಬೇಕು.

ಕರೆಂಟ್ ಬಿಲ್ಲಿನಲ್ಲಿ ವ್ಯತ್ಯಾಸ ಬರುತ್ತದಾ?

ಬರುತ್ತದೆ. ಇಎಲ್34ರ ಹೀಟರ್ ಒಂದಕ್ಕೇ 6.3 ವೋಲ್ಟ್, 1.5 ಆಂಪಿಯರ್ ಬೇಕು. ನಾಲ್ಕು ವಾಲ್ವ್‌ಗೆ ಸುಮಾರು 38 ವಾಟ್, ಅದೂ ಒಂದು ಸ್ವರ ಹೊರಬರುವ ಮುನ್ನ. ಒಟ್ಟಾರೆ 200 ವಾಟ್ ಎಳೆಯುವ ಆಂಪನ್ನು ದಿನಕ್ಕೆ 4 ಗಂಟೆ ಹಾಕಿದರೆ ತಿಂಗಳಿಗೆ 24 ಯೂನಿಟ್. ಮಾಮೂಲಿ ಮಟ್ಟದಲ್ಲಿ 10 ವಾಟ್ ಎಳೆಯುವ ಡಿಜಿಟಲ್ ಆಂಪ್‌ಗೆ ಒಂದು ಯೂನಿಟ್ ಚಿಲ್ಲರೆ. ಏಪ್ರಿಲ್-ಮೇ ಸೆಖೆಯಲ್ಲಿ ಕೋಣೆಯ ಶಾಖದ ಲೆಕ್ಕ ಬೇರೆ.

ಕರೆಂಟು ಹೋದಾಗ ಇದರ ನಿಜವಾದ ಉಪಯೋಗ. ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ವಾಲ್ವ್ ಆಂಪ್‌ನ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ, ಬಿಸಿಯೂ ಆಗುತ್ತದೆ. ಆಂಪ್ ಹಿಂದೆ 24ರಿಂದ 48 ವೋಲ್ಟ್ ಎಂದು ಬರೆದಿದ್ದರೆ, ಎರಡು 12 ವೋಲ್ಟ್ ಬ್ಯಾಟರಿ ಸರಣಿಯಲ್ಲಿ ಕಟ್ಟಿ, ನಡುವೆ ಫ್ಯೂಸ್ ಹಾಕಿ ನೇರ ಕೊಡಬಹುದು. 8 ಓಮ್‌ಗೆ 30 ವಾಟ್ ಹತ್ತಿರ ಬರುತ್ತದೆ.

ಹೊಸ ಆಂಪನ್ನು ನೂರಾರು ಗಂಟೆ ಓಡಿಸಿದಮೇಲೆ ಧ್ವನಿ ಸುಧಾರಿಸುತ್ತದಂತೆ?

ಒಗ್ಗಿಕೊಳ್ಳುವುದು ಕಿವಿ. ವಾಲ್ವ್‌ಗೆ ಬಿಸಿಯಾಗಿ ಹದಕ್ಕೆ ಬರಲು ಅರ್ಧ ಗಂಟೆ ಬೇಕು, ಇದಕ್ಕೆ ಅದೂ ಬೇಡ.

ಕೆಟ್ಟರೆ ರಿಪೇರಿ ಆಗುತ್ತದಾ?

ಇಲ್ಲಿ ವಾಲ್ವ್ ಗೆಲ್ಲುತ್ತದೆ. ನನ್ನ ಆಂಪ್‌ನ ಒಳಗೆ ಪ್ರತಿ ರೆಸಿಸ್ಟರ್, ಪ್ರತಿ ಕೆಪಾಸಿಟರ್ ಕಣ್ಣಿಗೆ ಕಾಣುತ್ತದೆ, ಸೋಲ್ಡರಿಂಗ್ ಐರನ್ ಹಿಡಿಯಲು ಬಂದವರು ಯಾರಾದರೂ ಬದಲಿಸಬಹುದು. 1961ರಿಂದ ನಮ್ಮ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಲ್ಲೇ ರೇಡಿಯೋ ವಾಲ್ವ್ ತಯಾರಾಗುತ್ತಿದ್ದವು. ಬಿಇಎಲ್ ಎಂದು ಅಚ್ಚೊತ್ತಿದ ಹಳೆಯ ಸಣ್ಣ ವಾಲ್ವ್‌ಗಳನ್ನು ಇವತ್ತೂ ಜನ ಹುಡುಕಿ ಕೊಳ್ಳುತ್ತಾರೆ. ಪವರ್ ವಾಲ್ವ್‌ಗಳು ಸುಮಾರು ಎರಡು ಸಾವಿರ ಗಂಟೆಗೆ ಸವೆದರೂ ಸ್ಲೊವಾಕಿಯಾ, ರಷ್ಯಾ, ಚೀನಾಗಳಲ್ಲಿ ಹೊಸವು ತಯಾರಾಗುತ್ತಲೇ ಇವೆ. ರಿಪೇರಿಗೆ ಕೈ ಹಾಕುವವರಿಗೆ ಒಂದೇ ಮಾತು: ಒಳಗೆ 400 ವೋಲ್ಟ್ ದಾಟಿರುತ್ತದೆ, ಸ್ವಿಚ್ ಆರಿಸಿದಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ. ಅದನ್ನು ಡಿಸ್ಚಾರ್ಜ್ ಮಾಡದೆ ಬೆರಳು ಇಡಬೇಡಿ.

ಡಿಜಿಟಲ್ ಆಂಪ್‌ನಲ್ಲಿ ಮೊದಲು ಕೈಕೊಡುವುದು ಹೆಚ್ಚಾಗಿ ಅಡಾಪ್ಟರ್, ಅದನ್ನು ಬದಲಿಸಬಹುದು. ಆದರೆ ಮುಖ್ಯ ಚಿಪ್ ಹೋದರೆ ಅದರ ಹತ್ತಾರು ಕೂದಲಿನಂಥ ಕಾಲುಗಳನ್ನು ಬಿಡಿಸಿ ಹೊಸದು ಕೂರಿಸುವ ಕೂಲಿ ಆಂಪ್‌ನ ಬೆಲೆಯನ್ನೇ ಮುಟ್ಟುತ್ತದೆ. ಎಸೆಯಬೇಕಾಗುತ್ತದೆ. ನನಗೆ ಇದು ನಿಜವಾಗಿ ಬೇಸರದ ಸಂಗತಿ.

ಯಾರು ಕೊಳ್ಳಬೇಕು, ಯಾರಿಗೆ ಬೇಡ?

84-86 ಡೆಸಿಬಲ್ಲಿನ, ಓಮ್ ಕೆಳಗೆ ಇಳಿಯುವ ಸಣ್ಣ ಸ್ಪೀಕರ್ ಇದ್ದು, ವಾಲ್ವ್ ಆಂಪ್ ಏದುಸಿರು ಬಿಡುತ್ತಿದ್ದರೆ ಇವತ್ತೇ ಕೊಳ್ಳಿ. ಅಂಥ ಸ್ಪೀಕರ್‌ಗೆ ಈಗಲೇ ಸರಿಯಾದ ಜೊತೆ ಸಿಕ್ಕಿದಂತೆ. 98 ಡೆಸಿಬಲ್ ಹಾರ್ನ್ ಸ್ಪೀಕರನ್ನು 8 ವಾಟ್‌ನ 300ಬಿ ಆಂಪ್‌ಗೆಂದೇ ಹೊಂದಿಸಿಕೊಂಡವರಿಗೆ ಬೇಡ. ಆ ಸ್ಪೀಕರ್‌ನ ಬೇಸ್ ಆ ಆಂಪ್‌ನ ಇಂಪೀಡೆನ್ಸ್ ನಂಬಿಕೊಂಡೇ ನಿಂತಿರುತ್ತದೆ. ನಡುವೆ ಇರುವ ನಮ್ಮಂಥವರು ರೆಸಿಸ್ಟರ್ ಇಟ್ಟು ಮತ್ತು ತೆಗೆದು ಎರಡೂ ಥರ ಕೇಳಿ ನಿರ್ಧರಿಸಬಹುದು. ನಮ್ಮ ಮನೆಯಲ್ಲಿ ತಾಳವಾದ್ಯ, ವೀಣೆ, ಸಿನಿಮಾಕ್ಕೆ ಹೊಸದು. ರಾತ್ರಿ ಊಟ ಆದಮೇಲಿನ ಹಿಂದೂಸ್ತಾನಿಗೆ ಹಳೆಯದು.

ಹಾಗಾದರೆ ವಾಲ್ವ್ ಆಂಪ್ ಮಾರಿಬಿಡಲಾ?

ಆತುರ ಬೇಡ, ಒಂದು ಮಳೆಗಾಲ ಒಂದು ಬೇಸಿಗೆ ಎರಡನ್ನೂ ಇಟ್ಟುಕೊಂಡು ಕೇಳಿ. ಆದರೆ ಬಟ್ಟೆ ಮುಚ್ಚಿ ಅಟ್ಟಕ್ಕೆ ಹಾಕಬೇಡಿ. ವರ್ಷಗಟ್ಟಲೆ ವೋಲ್ಟೇಜ್ ಕಾಣದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಳಗಿನ ಪದರ ಕಳೆದುಕೊಂಡು, ಒಮ್ಮೆಲೇ ಆನ್ ಮಾಡಿದಾಗ ಸಿಡಿಯಬಹುದು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ, ಸ್ಪೀಕರ್ ಕಟ್ಟಿಯೇ, ಒಂದು ಗಂಟೆ ಓಡಿಸಿ. ಈಗಾಗಲೇ ಬಹಳ ವರ್ಷ ಮುಚ್ಚಿಟ್ಟಿದ್ದರೆ ನೇರ 230 ವೋಲ್ಟ್ ಕೊಡಬೇಡಿ. ರಿಪೇರಿಯವರ ಹತ್ತಿರ ವೇರಿಯಾಕ್ ಇರುತ್ತದೆ, ಅದರಲ್ಲಿ ನಿಧಾನಕ್ಕೆ ಏರಿಸಿಕೊಡಲು ಹೇಳಿ.